ಎರಡನೇ ಕ್ಯಾಮೆರಾದ ಕೆಂಪು ದೀಪ

೨೦೦೪ರ ಮಾರ್ಚ್ ೬, ಶನಿವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತೊಂದು ನಿಮಿಷ. ಈ ಹೊತ್ತನ್ನು ನೆನಪಿನಿಂದ ಹೇಳುತ್ತಿಲ್ಲ. ನಮ್ಮ ಪ್ರಸಾರ ವ್ಯಾನಿನ ಟೇಪಿನ ಮೇಲೆ ಬಿಳಿ ಅಂಕಿಗಳಲ್ಲಿ ಅದು ಮೂಡಿದೆ. ಆ ನಿಮಿಷದ ಹದಿನೇಳನೆಯ ಸೆಕೆಂಡಿನಲ್ಲಿ ಲಿನ್‌ಡೇಲ್ ಹೈಸ್ಕೂಲಿನ ಸಂಗೀತ ಶಿಕ್ಷಕಿ ಕೊರಿನ್ ಬಾರ್ಟಾ, ಪೂರ್ವ ಅಯೋವಾದ ಹನ್ನೊಂದು ಜಿಲ್ಲೆಗಳ ಟೀವಿಗಳಲ್ಲಿ ಒಂದೇ ಸಲಕ್ಕೆ, ಬರಿ ಎದೆಯಲ್ಲಿ ಕಾಣಿಸಿಕೊಂಡಳು.

ಅದು ಹೈಸ್ಕೂಲು ಮಕ್ಕಳ ಹಾಡು ಕುಣಿತದ ತಂಡಗಳ ಸ್ಪರ್ಧೆ. ಪ್ರತಿವರ್ಷ ನಮ್ಮ ನಿಲಯ ಅದರ ಕೊನೆಯ ಸುತ್ತನ್ನು ನೇರವಾಗಿ ತೋರಿಸುತ್ತದೆ. ಕೊನೆಯ ತಂಡ ವೇದಿಕೆ ಬಿಟ್ಟ ಮೇಲೆ ತೀರ್ಪುಗಾರರು ಅಂಕ ಕೂಡಿಸಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಆ ಖಾಲಿ ಹೊತ್ತಿಗೆ ಎಲ್ಲ ಶಾಲೆಗಳ ಸಂಗೀತ ಶಿಕ್ಷಕರೂ ಸೇರಿ ಒಂದು ತಮಾಷೆಯ ಹಾಡು ಹೇಳಿ ಕುಣಿಯುವುದು ರೂಢಿ. ಈ ಸಲ ಹನ್ನೆರಡು ಶಿಕ್ಷಕರು ಮೊಣಕಾಲು ಮುಟ್ಟುವ ಬೂದುಬಣ್ಣದ ಕೋಟು ತೊಟ್ಟು ಬಂದರು. ಕೊನೆಯ ಚರಣದಲ್ಲಿ ಕೋಟನ್ನು ಒಂದೇ ಏಟಿಗೆ ಎಳೆದು ಬಿಚ್ಚಿದರೆ ಒಳಗೆ ಮಿಂಚುವ ಚಮಕಿಯ ಉಡುಪು. ಹಾಗೆ ಬಿಚ್ಚಲೆಂದು ಗುಂಡಿಯ ಬದಲು ವೆಲ್‌ಕ್ರೋ ಪಟ್ಟಿ ಹೊಲಿದಿದ್ದರು. ಹನ್ನೊಂದು ಕೋಟುಗಳು ಸರಿಯಾಗಿ ಬಿಚ್ಚಿದವು. ಹನ್ನೆರಡನೆಯದರ ಪಟ್ಟಿಯ ಒರಟು ಮುಖ ಒಳಗಿನ ಚಮಕಿಗೆ ಕಚ್ಚಿಕೊಂಡಿತ್ತು. ಎಳೆದಾಗ ಕೋಟಿನ ಜೊತೆ ಉಡುಪಿನ ಮುಂಭಾಗವೂ ಬಂತು.

ಕೊರಿನ್ ಕೂಡಲೇ ಸಭೆಗೆ ಬೆನ್ನು ಮಾಡಿ ಎಡಕ್ಕೆ ತಿರುಗಿದಳು. ಅಲ್ಲೇ ನಿಂತು ಕೋಟನ್ನು ಮತ್ತೆ ಸುತ್ತಿಕೊಂಡಳು. ಸಭಾಂಗಣದಲ್ಲಿ ಕೂತಿದ್ದ ಸಾವಿರದ ನಾನೂರು ಜನರಲ್ಲಿ ಒಬ್ಬರಿಗೂ ಏನೂ ಕಾಣಲಿಲ್ಲ. ಆದರೆ ಅವಳು ತಿರುಗಿದ ಕಡೆ, ವೇದಿಕೆಯ ಹಿಂಬದಿಯ ಎಡಮೂಲೆಯಲ್ಲಿ, ನಮ್ಮ ಎರಡನೇ ಕ್ಯಾಮೆರಾ ನಿಂತಿತ್ತು. ಆ ಹೊತ್ತಿಗೆ ಪ್ರಸಾರವಾಗುತ್ತಿದ್ದದ್ದು ಅದರ ಚಿತ್ರವೇ.

ಊರಿನ ಅನುಮಾನವೆಲ್ಲ ಹುಟ್ಟಿದ್ದು ಇಲ್ಲಿಂದ. ಎದುರಿಗಿದ್ದವರಿಂದ ಮರೆಮಾಡಿಕೊಂಡವಳು ಟೀವಿಗೆ ಮಾತ್ರ ಎದೆ ತೋರಿಸಿದ್ದು ಹೇಗೆ?

ನಾನು ಆ ನಿಲಯದ ಇಂಜಿನಿಯರ್, ಗ್ವೆನ್ ಪೆಟ್ರಾಕ್. ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ಇಪ್ಪತ್ತಾರು ವರ್ಷದಿಂದ ಕ್ಯಾಮೆರಾ, ತಂತಿ, ಟ್ರಾನ್ಸ್‌ಮಿಟರುಗಳನ್ನು ನೋಡಿಕೊಂಡಿದ್ದೇನೆ. ಮಾಡಿದ ಪ್ರತಿ ಅಳತೆಯನ್ನೂ ನೀಲಿ ರಟ್ಟಿನ ನೋಟುಪುಸ್ತಕದಲ್ಲಿ ಬರೆದಿಡುವುದು ನನ್ನ ಚಾಳಿ. ಆ ಪುಸ್ತಕದ ಹಿಂದಿನ ರಟ್ಟಿನ ಮೇಲೆ, ಕೆಲಸ ಮುಗಿದ ಮೇಲೆ ಕಿತ್ತ ಅಂಟುಟೇಪಿನ ಚೂರುಗಳನ್ನು ಅಂಟಿಸಿಕೊಳ್ಳುವುದೂ ಉಂಟು. ಬೇರೆಯವರ ನೆಲದ ಮೇಲೆ ಕಸ ಹಾಕಿ ಬರುವುದು ನನಗೆ ಆಗುವುದಿಲ್ಲ.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಡ್ವೇನ್ ಕ್ರೂಗರ್ ನನ್ನ ಕೋಣೆಗೆ ಬಂದ. ನಮ್ಮಂಥ ಸಣ್ಣ ನಿಲಯದಲ್ಲಿ ಮ್ಯಾನೇಜರೇ ನೇರಪ್ರಸಾರದ ನಿರ್ದೇಶಕ ಕೂಡ. ಶನಿವಾರ ವ್ಯಾನಿನಲ್ಲಿ ಕೂತು ಯಾವ ಕ್ಯಾಮೆರಾ ಯಾವಾಗ ಎಂದು ಹೇಳಿದವನು ಅವನೇ.

"ಇನ್ನೂರ ಅರವತ್ತು," ಅಂದ. "ಬೆಳಿಗ್ಗೆಯಿಂದ ಬಂದಿರೋ ಫೋನು. ರಿಸೆಪ್ಷನ್ ಹುಡುಗಿ ಅಳ್ತಾ ಕೂತಿದಾಳೆ. ಯಾರೋ ಅವಳನ್ನೇ ಸೂಳೆ ಅಂದ್ರಂತೆ."

"ನೀನು ಎರಡನೇ ಕ್ಯಾಮೆರಾಗೆ ಕಟ್ ಮಾಡಿದ್ಯಾಕೆ?"

"ಯಾಕೆ ಅಂದ್ರೆ? ಕೋಟು ಬಿಚ್ಚೋವಾಗ ಎರಡು ಅಂತ ಶುಕ್ರವಾರದ ರಿಹರ್ಸಲ್‌ನಲ್ಲೇ ಬರ್ಕೊಂಡಿದ್ದೆ. ಹಾಳೆ ಇದೆ, ನೋಡು ಬೇಕಾದ್ರೆ." ಅವನು ಹಾಳೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ. ಕೇಳುವ ಮೊದಲೇ ಸಾಕ್ಷಿ ತರುವವರನ್ನು ಕಂಡರೆ ನನಗೆ ಅನುಮಾನ. "ಗ್ವೆನ್, ಹೋದ ತಿಂಗಳು ಫುಟ್‌ಬಾಲ್ ಫೈನಲ್ ನಡುವೆ ಆ ಹಾಡುಗಾರ್ತಿಯ ಎದೆ ಕಂಡಿದ್ದರ ಬಿಸಿ ಇನ್ನೂ ಆರಿಲ್ಲ. ವಾಷಿಂಗ್ಟನ್‌ನಲ್ಲಿ ಟೀವಿ ಲೈಸೆನ್ಸ್ ಕೊಡೋ ಆಯೋಗದವರು ಕತ್ತಿ ಮಸೀತಾ ಕೂತಿದಾರೆ. ಈಗ ನಾವು. ಅದೂ ಹಾಡುಹಗಲು, ಮಕ್ಕಳ ಕಾರ್ಯಕ್ರಮ."

"ನನ್ನಿಂದ ಏನಾಗ್ಬೇಕು?"

"ಟೇಪ್ ನೋಡು. ಒಂದೊಂದೇ ಫ್ರೇಮ್ ನೋಡು. ಅವಳು ಬೇಕಂತ ಮಾಡಿದ್ದಾ ಇಲ್ವಾ ಅನ್ನೋದನ್ನ ಬರೆದುಕೊಡು. ಶಾಲಾ ಮಂಡಳಿ ಇಪ್ಪತ್ತೆರಡಕ್ಕೆ ವಿಚಾರಣೆ ಇಟ್ಕೊಂಡಿದೆ. ಅವರಿಗೂ ಅದೇ ಬೇಕು."

ಮಂಡಳಿ ಎತ್ತಿಕೊಂಡಿದ್ದ ನಿಯಮದಲ್ಲಿ ಒಂದೇ ಒಂದು ಪದ ಮುಖ್ಯವಾಗಿತ್ತು: ಉದ್ದೇಶಪೂರ್ವಕ. ಆಕಸ್ಮಿಕವಾದರೆ ಎಚ್ಚರಿಕೆಯ ಪತ್ರ. ಉದ್ದೇಶಪೂರ್ವಕವಾದರೆ ಹದಿನಾಲ್ಕು ವರ್ಷದ ಕೆಲಸವೂ ಹೋಯಿತು, ಪಾಠ ಹೇಳುವ ಪರವಾನಗಿಯೂ ಹೋಯಿತು. ಅವಳದು ಉದ್ದೇಶವಾದರೆ ನಿಲಯದ ತಪ್ಪು ಹಗುರಾಗುತ್ತಿತ್ತು. ಡ್ವೇನ್ ಇದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಟೀವಿಯಲ್ಲಿ ಒಂದು ಸೆಕೆಂಡಿಗೆ ಮೂವತ್ತು ಚಿತ್ರಗಳು. ಗುಂಡಿ ತಿರುಗಿಸುತ್ತ ಒಂದೊಂದನ್ನೇ ನಿಲ್ಲಿಸಿ ನೋಡಿದೆ. ಕೋಟು ಕಿತ್ತುಬಂದಿದ್ದು, ಅವಳು ತಿರುಗಿದ್ದು, ಕೈ ಮೇಲೆ ಬಂದಿದ್ದು. ಬರಿ ಎದೆ ಕಾಣುವುದು ಹತ್ತೊಂಬತ್ತು ಫ್ರೇಮ್. ಸೆಕೆಂಡಿನ ಮೂರರಲ್ಲಿ ಎರಡು ಪಾಲಿಗೂ ತುಸು ಕಡಿಮೆ. ಇದು ಅಳತೆ, ಇದರಲ್ಲಿ ಜಗಳವಿಲ್ಲ. ಆದರೆ ಐದನೆಯ ಫ್ರೇಮಿನಲ್ಲಿ ಕೊರಿನ್ ತಲೆಯೆತ್ತಿ ನೇರ ಲೆನ್ಸಿನೊಳಕ್ಕೆ ನೋಡುತ್ತಾಳೆ. ತುಟಿಯ ಮೇಲೆ ನಗು ಇದೆ.

ಆ ನಗುವನ್ನು ಎಷ್ಟು ಸಲ ನೋಡಿದೆನೋ. ಮೊದಲ ದಿನವೇ ನಾನೂ ಊರಿನವರ ಜೊತೆ ಸೇರಿಬಿಟ್ಟೆ. ನೋಟುಪುಸ್ತಕದಲ್ಲಿ ಬರೆದೆ: "ಕ್ಯಾಮೆರಾ ಇರುವುದು ಅವಳಿಗೆ ಗೊತ್ತಿತ್ತು."

ಪತ್ರಗಳು ಬರತೊಡಗಿದವು. ಡ್ವೇನ್ ಅವನ್ನೂ ನನ್ನ ಮೇಜಿಗೇ ಸುರಿದ. ಎಂಟುನೂರ ಹನ್ನೆರಡು. ವಿಂಗಡಿಸಿ ಕೂತಾಗ ಏಳುನೂರಕ್ಕೂ ಹೆಚ್ಚು ಪತ್ರಗಳಲ್ಲಿ ಒಂದೇ ಒಕ್ಕಣೆ ಇರುವುದು ಕಂಡಿತು. "ಅಸಭ್ಯತೆ" ಎಂಬ ಪದಕ್ಕೆ ಎಲ್ಲದರಲ್ಲೂ ಒಂದೇ ಅಕ್ಷರ ತಪ್ಪು. ಅಂಚೆಯ ಮುದ್ರೆ ನೋಡಿದರೆ ಅರಿಝೋನಾ, ಓಕ್ಲಹೋಮಾ, ಫ್ಲಾರಿಡಾ. ನಮ್ಮ ಸಿಗ್ನಲ್ ಎಪ್ಪತ್ತು ಮೈಲಿ ದಾಟುವುದಿಲ್ಲ. ನೋಡದೆ ಬೈದವರನ್ನು ಪಕ್ಕಕ್ಕಿಟ್ಟಾಗ ಉಳಿದದ್ದು ಮೂವತ್ತೊಂದು. ಅವು ನಿಜವಾದ ಪತ್ರಗಳು, ಕೈಬರಹದವು. ಒಬ್ಬಾಕೆ ಬರೆದಿದ್ದಳು: "ನನ್ನ ಮೊಮ್ಮಗಳು ಅಜ್ಜೀ ಆ ಟೀಚರಿಗೆ ನೋವಾಯ್ತಾ ಅಂತ ಕೇಳಿದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ನಿಮಗೆ ನಾಚಿಕೆಯಾಗಬೇಕು." ಆ ಪತ್ರವನ್ನು ಮೂರು ಸಲ ಓದಿದೆ. ಆ "ನಿಮಗೆ" ಅಂದರೆ ಯಾರಿಗೆಂದು ಆಕೆ ಬರೆದಿರಲಿಲ್ಲ. ಆಗ ಅದು ನನ್ನ ಗಮನಕ್ಕೂ ಬರಲಿಲ್ಲ.

ಗುರುವಾರ ಪತ್ರಿಕೆಯಲ್ಲಿ ಒಂದು ಚಿತ್ರ ಬಂತು. ಅದೇ ಐದನೆಯ ಫ್ರೇಮ್. ಎದೆಯ ಮೇಲೆ ಕಪ್ಪು ಪಟ್ಟಿ, ನಗು ಮಾತ್ರ ಸ್ಪಷ್ಟ. ಕೆಳಗೆ ಪ್ರಶ್ನೆ: "ಇದು ಆಕಸ್ಮಿಕವೇ?"

"ಟೇಪ್ ಹೊರಗೆ ಹೋಗಿದೆ," ಡ್ವೇನ್ ಬಾಗಿಲು ಮುಚ್ಚಿ ಹೇಳಿದ. "ಟೇಪ್ ಕಪಾಟಿನ ಕೀ ಇರೋದು ಮೂರು ಜನರ ಹತ್ರ. ನಾನು, ನೀನು, ಆರ್ಲೋ."

ಆರ್ಲೋ ಮೀಕ್ ಶನಿವಾರ ಎರಡನೇ ಕ್ಯಾಮೆರಾ ಹಿಡಿದಿದ್ದವನು. ವಯಸ್ಸು ಐವತ್ತೆಂಟು. ನನ್ನನ್ನು ಇಪ್ಪತ್ತು ವರ್ಷದಿಂದ "ಇಂಜಿನಿಯರಮ್ಮ" ಎಂದೇ ಕರೆದು ರೇಗಿಸುತ್ತಿದ್ದ. ಆ ಸೋಮವಾರದಿಂದ ಅವನು ನನ್ನ ಜೊತೆ ಮಾತಾಡಿರಲಿಲ್ಲ. ಕಾಫಿ ಮಷೀನಿನ ಹತ್ತಿರ ನಾನು ಬಂದರೆ ಅವನು ಖಾಲಿ ಲೋಟ ಹಿಡಿದೇ ಹೊರಟುಬಿಡುತ್ತಿದ್ದ. ಟೇಪು ಮಾರಿದವನು ಇವನೇ ಎಂದು ಲೆಕ್ಕ ಕೂಡಿಸಿದೆ. ಆ ಮಧ್ಯಾಹ್ನ ವ್ಯಾನಿನ ಹಿಂದೆ ತಂತಿ ಸುತ್ತುತ್ತಿದ್ದವನನ್ನು ಹಿಡಿದು ಕೇಳಿಯೇಬಿಟ್ಟೆ.

"ಪತ್ರಿಕೆಯವರು ಎಷ್ಟು ಕೊಟ್ರು, ಆರ್ಲೋ?"

ಅವನು ತಂತಿ ಸುತ್ತುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀನಾ ನನ್ನ ಕೇಳೋದು?"

"ನಾನೇ ಕೇಳ್ತಿರೋದು."

"ಸರಿ. ಕೇಳಾಯ್ತಲ್ಲ, ಹೋಗು. ನಿನ್ನ ಪುಸ್ತಕದಲ್ಲಿ ಬರ್ಕೋ, ಆರ್ಲೋ ಉತ್ತರ ಕೊಡ್ಲಿಲ್ಲ ಅಂತ." ಮತ್ತೆ ತಂತಿ ಸುತ್ತತೊಡಗಿದ. "ಎಲ್ಲಾ ಬರ್ಕೋತೀಯಲ್ಲ ನೀನು. ಬೇಕಾಗಿದ್ದನ್ನ ಮಾತ್ರ."

ಆ ಕೊನೆಯ ಮಾತು ನನಗೆ ಅರ್ಥವಾಗಲಿಲ್ಲ. ಕಳ್ಳನ ಒರಟುತನ ಎಂದುಕೊಂಡೆ.

ಕೋಣೆಗೆ ಬಂದು ಪತ್ರಿಕೆಯ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದೆ, ಆರ್ಲೋನನ್ನು ಹಿಡಿದುಹಾಕುವ ಆಸೆಯಿಂದಲೇ. ಚಿತ್ರದ ತಳದಲ್ಲಿ ಸಣ್ಣದೊಂದು ಹರಕು ಗೆರೆ, ಬಲಕ್ಕೆ ಬಾಗಿತ್ತು. ಮನೆಯ ವಿಸಿಆರ್‌ನಲ್ಲಿ ಮುದ್ರಿಸಿದ ಚಿತ್ರಕ್ಕೆ ಮಾತ್ರ ಆ ಗೆರೆ ಇರುತ್ತದೆ. ನಮ್ಮ ಯಂತ್ರದ ಚಿತ್ರಕ್ಕೆ ಇರುವುದಿಲ್ಲ. ಯಾರೋ ತಾಯಿ ತಂದೆ ತಮ್ಮ ಮಗುವಿನ ಹಾಡು ಉಳಿಸಿಕೊಳ್ಳಲು ಮನೆಯಲ್ಲಿ ಮುದ್ರಿಸಿಕೊಂಡಿದ್ದರು. ಆರ್ಲೋ ಏನನ್ನೂ ಮಾರಿರಲಿಲ್ಲ.

ನಾನು ಹೋಗಿ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಹಾಗಾದರೆ ಅವನು ಮುಖ ತಪ್ಪಿಸುತ್ತಿರುವುದು ಯಾಕೆ ಎಂದು ಹೊಸ ಅನುಮಾನ ಕಟ್ಟಿಕೊಂಡೆ.

ಈಸ್ಟರಿಗೆ ಮುಂಚಿನ ಲೆಂಟ್ ವ್ರತದಲ್ಲಿ ಮಾಂಸ ಬಿಡುವ ಶುಕ್ರವಾರಗಳಲ್ಲಿ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಮೀನಿನ ಊಟ. ಹತ್ತೊಂಬತ್ತನೆಯ ತಾರೀಖು ಸಂಜೆ ಐದೂವರೆಗೆ ಹೋದಾಗ ಉದ್ದನೆಯ ಮೇಜುಗಳೆಲ್ಲ ತುಂಬಿದ್ದವು. ಒಂದು ಮೇಜಿನ ಕೊನೆಯಲ್ಲಿ ಮಾತ್ರ ಆರು ಕುರ್ಚಿ ಖಾಲಿ. ಏಳನೆಯದರಲ್ಲಿ ಕೊರಿನ್ ಕೂತಿದ್ದಳು. ಆ ಬೆಚ್ಚನೆಯ ನೆಲಮಾಳಿಗೆಯಲ್ಲೂ ಕುತ್ತಿಗೆಯವರೆಗೆ ಸ್ವೆಟರ್.

ಮೀನು ಬಡಿಸುತ್ತಿದ್ದ ವಿಲ್ಮಾ ನನ್ನ ತಟ್ಟೆಗೆ ಎರಡು ತುಂಡು ಹಾಕುತ್ತ ಕಣ್ಣಿನಲ್ಲೇ ಆ ಕಡೆ ತೋರಿಸಿದಳು. "ಬಂದಿದಾಳೆ ನೋಡಮ್ಮ. ಇವತ್ತೇನೋ ಪೂರ್ತಿ ಹಾಕ್ಕೊಂಡ್ ಬಂದಿದಾಳೆ."

"ಬಡಿಸು ವಿಲ್ಮಾ."

"ಬಡಿಸ್ತಿದೀನಲ್ಲ. ನೀನು ಟೇಪ್ ನೋಡಿದೀಯಂತೆ? ನಕ್ಕಳಂತೆ ಹೌದಾ?"

ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಸುಮ್ಮನಿದ್ದದ್ದೇ ಹೌದೆಂದಾಯಿತು. ವಿಲ್ಮಾ ಪಕ್ಕದವಳ ಕಡೆ ತಿರುಗಿ ಹುಬ್ಬೇರಿಸಿದಳು.

ನಾನು ಕೊರಿನ್ ಎದುರು ಕೂತೆ. ಮರುಕದಿಂದಲ್ಲ; ಅವಳ ಮುಖವನ್ನು ಹತ್ತಿರದಿಂದ ನೋಡಬೇಕಿತ್ತು. ಸುಳ್ಳನ್ನು ಅಳೆಯಬಹುದೆಂದು ಆಗ ನಂಬಿದ್ದೆ.

"ಬಾ ಗ್ವೆನ್, ಕೂತ್ಕೋ. ಜಾಗಕ್ಕೇನು ಬರ ಇಲ್ಲ ಇಲ್ಲಿ," ಅಂದಳು. ನಕ್ಕಳು ಕೂಡ. "ಅಯ್ಯೋ, ನಗಬಾರದಲ್ವಾ ನಾನು. ಮರ್ತೇ ಹೋಗುತ್ತೆ."

"ಒಂದು ವಿಷಯ ಕೇಳ್ಲಾ?"

"ಊರೆಲ್ಲಾ ಕೇಳಿದೆ. ನೀನೂ ಕೇಳು."

"ಯಾಕೆ ಎಡಗಡೆಗೆ ತಿರುಗಿದೆ? ಬಲಗಡೆ ಪರದೆ ಇತ್ತು. ಅಲ್ಲಿ ಕ್ಯಾಮೆರಾನೇ ಇರಲಿಲ್ಲ."

ಅವಳು ಫೋರ್ಕಿನಿಂದ ಕೋಸಿನ ಚೂರುಗಳನ್ನು ಒಂದು ಕಡೆಗೆ ಗುಡಿಸಿದಳು. "ಬಲಗಡೆ ಮಕ್ಕಳು ನಿಂತಿದ್ರು ಗ್ವೆನ್. ನನ್ನ ತಂಡದ ಮಕ್ಕಳು. ಪರದೆ ಸಂದಿಯಲ್ಲಿ ನಲವತ್ತು ಮುಖ. ಮುಂದುಗಡೆ ಸಭೆ. ಎಡಗಡೆ ಒಂದೇ ಕ್ಯಾಮೆರಾ, ಅದೂ ಕತ್ತಲಾಗಿತ್ತು."

"ಕತ್ತಲಾಗಿತ್ತು ಅಂದ್ರೆ?"

"ದೀಪ. ಕೆಂಪು ದೀಪ." ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀನೇ ಅಲ್ವೇ ಆ ಶುಕ್ರವಾರ ರಿಹರ್ಸಲ್‌ನಲ್ಲಿ ನಮ್ಮನ್ನೆಲ್ಲಾ ಸಾಲಾಗಿ ನಿಲ್ಲಿಸಿ ಹೇಳಿದ್ದು? ಕೆಂಪು ದೀಪ ಉರೀತಿದ್ರೆ ಟೀವಿಲಿ ಇದೀರ ಅಂತ ತಿಳ್ಕೊಳ್ಳಿ, ಉರೀದಿದ್ರೆ ಆರಾಮಾಗಿ ಮೂಗು ಕೆರ್ಕೊಳ್ಳಿ ಅಂತ. ಎಲ್ರೂ ನಕ್ರು."

ಹೇಳಿದ್ದೆ. ಪ್ರತಿವರ್ಷವೂ ಹೇಳುವ ಮಾತು, ಪ್ರತಿವರ್ಷವೂ ನಗುತ್ತಾರೆ.

"ತಲೆಯೆತ್ತಿ ಅದನ್ನೇ ನೋಡಿದ್ದು ನಾನು. ಉರೀತಿರಲಿಲ್ಲ. ಸದ್ಯ ಬದುಕಿದೆ ಅಂದ್ಕೊಂಡೆ. ಆಮೇಲೆ ಡ್ವೇನ್ ಹೇಳಿದ, ಸೋಮವಾರ ಪರೀಕ್ಷೆ ಮಾಡಿದೀವಿ, ದೀಪ ಚೆನ್ನಾಗೇ ಉರೀತಿದೆ ಅಂತ." ಅವಳ ದನಿ ಇಳಿಯಿತು. "ಹದಿನೈದು ದಿನದಿಂದ ಅದನ್ನೇ ಯೋಚಿಸ್ತಿದೀನಿ. ನಾನು ನೋಡಿದ್ದು ನಿಜವಾ, ಇಲ್ಲ ನನಗೆ ಬೇಕಾದ ಹಾಗೆ ನೆನಪಿಟ್ಕೊಂಡಿದೀನಾ. ಈಗ ನನ್ನ ಮೇಲೆ ನನಗೇ ನಂಬಿಕೆ ಇಲ್ಲ."

ಅವಳ ಮುಖದಲ್ಲಿ ಅಳೆಯುವಂಥದ್ದೇನೂ ಸಿಗಲಿಲ್ಲ. ದೀಪದ ಮಾತು ಮಾತ್ರ ಪರೀಕ್ಷೆಗೆ ಸಿಗುವಂಥದ್ದು. ದೀಪ ಉರಿದಿದ್ದರೆ ಅವಳು ಸುಳ್ಳಿ. ಅಷ್ಟು ಸರಳ.

ಮರುದಿನ ಶನಿವಾರ ನಿಲಯದಲ್ಲಿ ಯಾರೂ ಇರಲಿಲ್ಲ. ಮೂರನೇ ಕ್ಯಾಮೆರಾ ಸಭಾಂಗಣದ ಬಾಲ್ಕನಿಯಲ್ಲಿತ್ತು. ಅದರ ಚಿತ್ರ ಪ್ರಸಾರವಾಗದಿದ್ದಾಗಲೂ ಬೇರೆ ಟೇಪಿನಲ್ಲಿ ಮುದ್ರಣವಾಗುತ್ತಿತ್ತು. ಅದನ್ನು ಹಾಕಿ ಎರಡು ನಲವತ್ತೊಂದಕ್ಕೆ ತಂದೆ. ಇಡೀ ವೇದಿಕೆ, ಬೆನ್ನು ತಿರುಗಿಸುತ್ತಿರುವ ಕೊರಿನ್, ಎಡಮೂಲೆಯಲ್ಲಿ ಎರಡನೇ ಕ್ಯಾಮೆರಾ, ಅದರ ಹಿಂದೆ ಆರ್ಲೋನ ಬೋಳುತಲೆ. ಲೆನ್ಸಿನ ಮೇಲೆ ದೀಪ ಇರಬೇಕಾದ ಜಾಗ. ಹಿಗ್ಗಿಸಿ ನೋಡಿದೆ. ಆ ಕ್ಯಾಮೆರಾ ಪ್ರಸಾರದಲ್ಲಿದ್ದ ಒಂದೊಂದು ಫ್ರೇಮಿನಲ್ಲೂ ಆ ಜಾಗ ಕಪ್ಪಗಿತ್ತು.

ಮೊದಲು ಬಂದದ್ದು ಸಮಾಧಾನವಲ್ಲ, ಮತ್ತೆ ಅನುಮಾನ. ಯಾರು ಆರಿಸಿದರು? ಗೋದಾಮಿಗೆ ಹೋಗಿ ಎರಡನೇ ಕ್ಯಾಮೆರಾವನ್ನು ಹೊರಗೆಳೆದು ತಂತಿ ಜೋಡಿಸಿದೆ. ದೀಪ ಚೆನ್ನಾಗಿ ಉರಿಯಿತು. ಅಲುಗಾಡಿಸಿದೆ, ತಟ್ಟಿದೆ, ಅರ್ಧ ಗಂಟೆ ಬಿಸಿಯಾಗಲು ಬಿಟ್ಟೆ. ಒಮ್ಮೆಯೂ ಆರಲಿಲ್ಲ. ದೀಪ ಕೆಟ್ಟಿಲ್ಲವೆಂದರೆ ಅದನ್ನು ಯಾರೋ ಮುಚ್ಚಿದ್ದಾರೆ. ಮುಚ್ಚಿದವರು, ಶಿಕ್ಷಕಿ ಆ ಕಡೆಗೆ ತಿರುಗುತ್ತಾಳೆಂದು ಲೆಕ್ಕ ಹಾಕಿದ್ದರೇ? ಡ್ವೇನ್‌ನ ಜೇಬಿನಲ್ಲಿದ್ದ ಹಾಳೆ ನೆನಪಾಯಿತು. ಆರ್ಲೋ ತಪ್ಪಿಸುತ್ತಿದ್ದ ಮುಖ ನೆನಪಾಯಿತು.

ಕಾರು ತೆಗೆದುಕೊಂಡು ಆರ್ಲೋನ ಮನೆಗೇ ಹೋದೆ. ಅವನು ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಬಿಚ್ಚಿಹಾಕಿಕೊಂಡು ಕೂತಿದ್ದ.

"ಎರಡನೇ ಕ್ಯಾಮೆರಾದ ದೀಪ ಮುಚ್ಚಿದ್ದು ಯಾರು, ಆರ್ಲೋ?"

ಅವನು ಸ್ಪ್ಯಾನರ್ ಕೆಳಗಿಟ್ಟ. ನನ್ನ ಮುಖ ನೋಡಿದ. ಆಮೇಲೆ ಅವನ ಮುಖದಲ್ಲೇ ಏನೋ ಸಡಿಲವಾಯಿತು.

"ಅಯ್ಯೋ ದೇವರೇ. ನಿನಗೆ ನಿಜವಾಗ್ಲೂ ನೆನಪಿಲ್ವಾ?"

"ಏನು?"

"ನೀನೇ ಕಣೇ."

"ನಾನಾ? ಯಾವಾಗ?"

"ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ. ಹೈಸ್ಕೂಲಿನ ಕಿರಿ ಕ್ಲಾಸಿನ ಮಕ್ಕಳು ಕುಣಿಯೋವಾಗೆಲ್ಲಾ ಪಕ್ಕದ ಕೆಂಪು ದೀಪವನ್ನೇ ನೋಡ್ತಾರೆ, ಹೆಜ್ಜೆ ತಪ್ಪುತ್ತೆ ಅಂತ ತೀರ್ಪುಗಾರರೊಬ್ರು ಬಂದು ಹೇಳಿದ್ರು. ಪ್ರತಿವರ್ಷ ಹೇಳ್ತಾರೆ, ಪ್ರತಿವರ್ಷ ನೀನು ಬಂದು ಟೇಪ್ ಅಂಟಿಸ್ತೀಯ. ಈ ಸಲಾನೂ ಬಂದೆ, ಅಂಟಿಸಿದೆ, ಹೋದೆ. ಏಣಿ ಹತ್ತಿದಾಗ ಫೋನಿನಲ್ಲಿ ಯಾರ ಹತ್ರನೋ ಜಗಳ ಆಡ್ತಿದ್ದೆ, ಜನರೇಟರ್ ವಿಷಯಕ್ಕೆ."

"ನೀನು ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ಒಂದು ದಿನ ಕಾದೆ, ಎರಡು ದಿನ ಕಾದೆ. ನೀನು ಟೇಪ್ ನೋಡ್ತಾ ಕೂತಿದೀಯ, ಬರೀತಾ ಕೂತಿದೀಯ. ಇವಳು ತನ್ನ ತಲೆ ಉಳಿಸ್ಕೊಳೋಕೆ ಆ ಹೆಂಗಸನ್ನ ಬಲಿ ಕೊಡ್ತಿದಾಳೆ ಅಂದ್ಕೊಂಡೆ. ಆಮೇಲೆ ಬಂದು ನನ್ನನ್ನೇ ಎಷ್ಟು ಕೊಟ್ರು ಅಂತ ಕೇಳಿದೆಯಲ್ಲ, ಆಗ ಖಾತ್ರಿ ಆಯ್ತು." ಅವನು ಕೈಯನ್ನು ಚಿಂದಿಗೆ ಒರೆಸಿಕೊಂಡ. "ಸೋಮವಾರ ವಿಚಾರಣೇಲಿ ನಾನೇ ಎದ್ದು ಹೇಳೋಣ ಅಂತಿದ್ದೆ, ಇಂಜಿನಿಯರಮ್ಮ. ನಿನ್ನ ಎದುರಿಗೇ."

ಇಪ್ಪತ್ತಾರು ವರ್ಷ ಮಾಡಿದ ಕೆಲಸವನ್ನು ಕೈ ಮಾಡುತ್ತದೆ. ತಲೆಗೆ ಅದರ ಸುದ್ದಿ ಹೋಗುವುದಿಲ್ಲ. ಬೆಳಿಗ್ಗೆ ಮನೆಯ ಬಾಗಿಲಿಗೆ ಬೀಗ ಹಾಕಿದ್ದು ಯಾರಿಗೆ ನೆನಪಿರುತ್ತದೆ? ಇದು ವಿವರಣೆ ಮಾತ್ರ. ಕ್ಷಮೆ ಕೇಳುವ ಹಕ್ಕು ಇದರಿಂದ ಬರುವುದಿಲ್ಲ. ಶುಕ್ರವಾರ ಹನ್ನೆರಡು ಶಿಕ್ಷಕರಿಗೆ ದೀಪವನ್ನು ನಂಬಿ ಎಂದು ಹೇಳಿದವಳು ನಾನು. ಶನಿವಾರ ಅದೇ ದೀಪ ಮುಚ್ಚಿದವಳೂ ನಾನು. ನಡುವೆ ಅವರಿಗೆ ಒಂದು ಮಾತು ಹೇಳಲಿಲ್ಲ.

ಕಾರಿಗೆ ಬಂದು ನೀಲಿ ನೋಟುಪುಸ್ತಕ ತೆಗೆದೆ. ಹಿಂದಿನ ರಟ್ಟಿನ ಮೇಲೆ ಟೇಪಿನ ಹನ್ನೊಂದು ಚೂರುಗಳು. ಉಗುರಿನಿಂದ ಒಂದೊಂದನ್ನೇ ಎಬ್ಬಿಸಿ ಅಂಟಿನ ಮುಖ ನೋಡಿದೆ. ಆರನೆಯದು ಕಪ್ಪು ಬಟ್ಟೆಯ ಟೇಪು. ಅದರ ಅಂಟಿನ ಮೇಲೆ ಒಂದು ಪುಟ್ಟ ವೃತ್ತ, ಬಿಸಿಗೆ ಮೆತ್ತಗಾಗಿ ನುಣ್ಣಗೆ ಒತ್ತಿಕೊಂಡಿತ್ತು. ಸ್ಪರ್ಧೆ ಮುಗಿದು ಸಾಮಾನು ಕಟ್ಟುವಾಗ ಕಿತ್ತು ಇಲ್ಲಿ ಅಂಟಿಸಿಕೊಂಡಿದ್ದೆ. ಶಾಲೆಯ ನೆಲದ ಮೇಲೆ ಕಸ ಬೀಳಬಾರದೆಂದು.

ಸೋಮವಾರ ಬೆಳಿಗ್ಗೆ ಡ್ವೇನ್‌ಗೆ ಟೇಪಿನ ಚೂರು ತೋರಿಸಿದೆ. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡ.

"ಬಿಸಾಕು ಅದನ್ನ."

"ಡ್ವೇನ್."

"ನಾನೇನೂ ಕೇಳಿಸ್ಕೊಂಡಿಲ್ಲ, ನೀನೇನೂ ತೋರಿಸಿಲ್ಲ. ಹತ್ತೊಂಬತ್ತು ಫ್ರೇಮ್ ಅಂತ ಹೇಳು, ಬಾ. ಅವಳು ಬೇಕಂತ ಮಾಡಿದ್ಲು ಅಂತಾನೂ ಹೇಳ್ಬೇಡ, ಮಾಡ್ಲಿಲ್ಲ ಅಂತಾನೂ ಹೇಳ್ಬೇಡ. ಅಳತೆ ಹೇಳು ಸಾಕು. ನೀನು ವಿಜ್ಞಾನದವಳಲ್ವಾ?"

"ಅವಳ ಕೆಲಸ ಹೋಗುತ್ತೆ."

"ನಮ್ಮ ಲೈಸೆನ್ಸ್ ಹೋದ್ರೆ ನಲವತ್ತು ಜನರ ಕೆಲಸ ಹೋಗುತ್ತೆ. ಆರ್ಲೋದು, ನಂದು, ನಿಂದು. ಒಂದು ಕಡೆ ಒಬ್ಬಳು, ಒಂದು ಕಡೆ ನಲವತ್ತು. ನಾನು ಕೆಟ್ಟವನಲ್ಲ ಗ್ವೆನ್. ಕೂಡಿಸಿ ಕಳೆದು ಹೇಳ್ತಿದೀನಿ ಅಷ್ಟೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅದು ಕಷ್ಟವಾಯಿತು. ಕೋಣೆಗೆ ಹೋಗಿ ಟೇಪನ್ನು ಕವರಿಗೆ ಹಾಕಿ, ಕ್ಯಾಮೆರಾದಿಂದ ದೀಪದ ಗಾಜಿನ ಮುಚ್ಚಳ ಬಿಚ್ಚಿಕೊಂಡು, ವ್ಯಾಸ ಅಳೆಯುವ ಕ್ಯಾಲಿಪರ್ ಜೇಬಿಗಿಟ್ಟುಕೊಂಡೆ. ಯಾವುದನ್ನು ಎಲ್ಲಿ ಹೇಳುತ್ತೇನೆಂದು ಆಗಲೂ ನಿರ್ಧಾರವಾಗಿರಲಿಲ್ಲ.

ವಿಚಾರಣೆ ಶಾಲೆಯ ಗ್ರಂಥಾಲಯದಲ್ಲಿ, ಸಂಜೆ ನಾಲ್ಕಕ್ಕೆ. ಮಂಡಳಿಯ ಏಳು ಜನ ಒಂದು ಕಡೆ. ಎದುರಿನ ಪುಟ್ಟ ಮೇಜಿನ ಹಿಂದೆ ಕೊರಿನ್. ನಡುವೆ ಊರಿನವರು, ಕುರ್ಚಿ ಸಾಲದೆ ಕೆಲವರು ಪುಸ್ತಕದ ಕಪಾಟಿಗೆ ಒರಗಿದ್ದರು. ವಿಲ್ಮಾ ಮುಂದಿನ ಸಾಲಿನಲ್ಲೇ ಇದ್ದಳು. ಅಧ್ಯಕ್ಷರು ವಾಂಡರ್‌ಪ್ಲೂಗ್, ಊರಿನ ಪಶುವೈದ್ಯರು. ಕಡಿಮೆ ಮಾತಿನ ಮನುಷ್ಯ. ಮೊದಲ ದಿನ ದೂರು ಕೊಟ್ಟವರಲ್ಲಿ ಅವರೂ ಒಬ್ಬರು. ಅವರು ಸ್ವತಃ ನೋಡಿದ್ದರು.

"ಮಿಸ್ ಪೆಟ್ರಾಕ್, ಎಷ್ಟು ಹೊತ್ತು ಕಾಣಿಸ್ತು?"

"ಹತ್ತೊಂಬತ್ತು ಫ್ರೇಮ್."

"ಆಕೆ ಕ್ಯಾಮೆರಾನ ನೇರವಾಗಿ ನೋಡಿದ್ರಾ?"

"ನೋಡಿದ್ರು. ಐದನೇ ಫ್ರೇಮ್‌ನಲ್ಲಿ."

"ಆಗ ನಗ್ತಿದ್ರಾ?"

"ನಗು ಇತ್ತು."

ಕಪಾಟಿನ ಹತ್ತಿರ ಯಾರೋ "ಮುಗೀತಲ್ಲ" ಅಂದರು. ಕೊರಿನ್ ನನ್ನನ್ನು ನೋಡುತ್ತಿರಲಿಲ್ಲ. ತನ್ನ ಕೈಗಳನ್ನು ನೋಡುತ್ತಿದ್ದಳು. ಹಿಂದಿನ ಸಾಲಿನಲ್ಲಿ ಆರ್ಲೋ ಎದ್ದು ನಿಲ್ಲಲು ಕುರ್ಚಿ ಸರಿಸಿದ್ದು ಕೇಳಿಸಿತು. ನಾನು ಹೇಳಿದ ಮೂರು ಉತ್ತರಗಳೂ ನಿಜ. ಮೂರೂ ಸೇರಿ ಒಂದು ಸುಳ್ಳಾಗುತ್ತಿತ್ತು.

"ಕೂತ್ಕೋ ಆರ್ಲೋ," ಅಂದೆ, ತಿರುಗದೆಯೇ. "ಅಧ್ಯಕ್ಷರೇ, ನಗು ಯಾಕಿತ್ತು ಅಂತಾನೂ ಕೇಳಬೇಕು ನೀವು. ಹಾಡೋರ ಮುಖದ ನಗು ತಕ್ಷಣ ಇಳಿಯಲ್ಲ. ಅದೇ ಸ್ಪರ್ಧೆಯಲ್ಲಿ ಕಾಲು ಜಾರಿಬಿದ್ದ ಒಬ್ಬ ಮೇಷ್ಟ್ರು ಟೇಪ್‌ನಲ್ಲಿದಾರೆ. ನೆಲಕ್ಕೆ ಬಿದ್ದ ಮೇಲೂ ಹನ್ನೆರಡು ಫ್ರೇಮ್ ನಗ್ತಾನೇ ಇದಾರೆ. ನಿನ್ನೆ ಎಣಿಸಿದೆ."

"ಕ್ಯಾಮೆರಾ ನೋಡಿದ್ದು?"

"ದೀಪ ಉರೀತಿದೆಯಾ ಅಂತ ನೋಡಿದ್ದು. ಉರೀತಿರಲಿಲ್ಲ. ಯಾಕಂದ್ರೆ ಅದನ್ನ ನಾನು ಮುಚ್ಚಿದ್ದೆ."

ಶುಕ್ರವಾರದ ಮಾತು, ಶನಿವಾರದ ಟೇಪು, ಮೂರನೇ ಕ್ಯಾಮೆರಾದ ಕಪ್ಪು ಚುಕ್ಕಿ, ಎಲ್ಲವನ್ನೂ ಹೇಳಿದೆ. ಡ್ವೇನ್ ಎದ್ದು ಹೊರಗೆ ಹೋದ. ಬಾಗಿಲು ಮಾತ್ರ ಮೆಲ್ಲಗೇ ಮುಚ್ಚಿಕೊಂಡಿತು.

"ಇದನ್ನ ಹದಿನಾರು ದಿನ ಬಿಟ್ಟು ಹೇಳ್ತಿದೀರಿ," ವಾಂಡರ್‌ಪ್ಲೂಗ್ ಅಂದರು. "ಸ್ನೇಹಿತೆನ ಉಳಿಸೋಕೆ ಯಾವುದೋ ಟೇಪಿನ ಚೂರು ತಂದಿಲ್ಲ ಅಂತ ಹೇಗೆ ನಂಬೋದು?"

ಒಳ್ಳೆಯ ಪ್ರಶ್ನೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. "ನಂಬಬೇಡಿ," ಅಂದೆ. "ಅಳೆದು ನೋಡಿ." ಟೇಪು, ದೀಪದ ಮುಚ್ಚಳ, ಕ್ಯಾಲಿಪರ್ ಮೂರನ್ನೂ ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡೆರಡು ಸಲ ಅಳೆದರು. ಕ್ಯಾಲಿಪರನ್ನು ಪಕ್ಕದವರಿಗೆ ಕೊಟ್ಟರು. ಅದು ಏಳು ಜನರ ಕೈ ದಾಟಿ ವಾಪಸು ಬಂತು.

ಉದ್ದೇಶಪೂರ್ವಕವಲ್ಲ ಎಂದು ಐದು ಮತ, ಹೌದು ಎಂದು ಎರಡು. ಕೊರಿನ್ ಕೆಲಸ ಉಳಿಯಿತು.

ಹೊರಗೆ ಕಾರುಗಳ ಹತ್ತಿರ ಅವಳು ನನಗಾಗಿ ಕಾದಿದ್ದಳು. ಅಪ್ಪಿಕೊಳ್ಳಲಿಲ್ಲ, ಥ್ಯಾಂಕ್ಸ್ ಎನ್ನಲೂ ಇಲ್ಲ.

"ಶುಕ್ರವಾರ ಊಟಕ್ಕೆ ಎದುರಿಗೆ ಬಂದು ಕೂತೆಯಲ್ಲ," ಅಂದಳು. "ಆಗ ನಾನೇ ಬೇಕಂತ ಮಾಡಿದ್ದು ಅಂತಾನೇ ತಾನೇ ಅಂದ್ಕೊಂಡಿದ್ದೆ ನೀನು?"

"ಹೌದು."

"ಗೊತ್ತಾಯ್ತು. ಮೀನು ಬಿಟ್ಟು ನನ್ನ ಮುಖಾನೇ ತಿಂತಿದ್ದೆ." ಕಾರಿನ ಬಾಗಿಲು ತೆಗೆದಳು. "ಮುಂದಿನ ವರ್ಷ ಟೇಪ್ ಅಂಟಿಸಿದ್ರೆ ಹೇಳು. ಮೂಗು ಕೆರ್ಕೊಳ್ಳೋಕೂ ಭಯ ಆಗುತ್ತೆ ಈಗ."

ಡ್ವೇನ್ ನನ್ನನ್ನು ಒಂದು ತಿಂಗಳು ಕೆಲಸದಿಂದ ದೂರವಿಟ್ಟ. ಹೋಗುವ ಮೊದಲು ಆಯೋಗಕ್ಕೆ ಕಳಿಸಬೇಕಾದ ವರದಿಯನ್ನು ಮಾತ್ರ ನನ್ನ ಕೈಯಲ್ಲೇ ಬರೆಸಿದ. ನೋಟುಪುಸ್ತಕದಲ್ಲಿ ಮೊದಲ ದಿನ ಬರೆದಿದ್ದ ಸಾಲನ್ನು, ಕ್ಯಾಮೆರಾ ಇರುವುದು ಅವಳಿಗೆ ಗೊತ್ತಿತ್ತು ಎಂಬುದನ್ನು, ನಾನು ಹೊಡೆದುಹಾಕಲಿಲ್ಲ. ಅದರ ಕೆಳಗೆ ತಾರೀಖು ಹಾಕಿ ನನ್ನ ಹೆಸರು ಬರೆದೆ. ವರದಿಯ ನಮೂನೆಯಲ್ಲಿ ದೋಷದ ಕಾರಣ ಎಂಬಲ್ಲಿ ಎರಡೇ ಸಾಲಿನ ಜಾಗವಿತ್ತು. ಹೀಗೆ ತುಂಬಿದೆ: ಇಂಜಿನಿಯರ್ ದೀಪವನ್ನು ಕಪ್ಪು ಟೇಪಿನಿಂದ ಮುಚ್ಚಿ, ವೇದಿಕೆಯ ಮೇಲಿದ್ದವರಿಗೆ ತಿಳಿಸಲಿಲ್ಲ. ದೀಪದ ಗಾಜಿನ ವ್ಯಾಸ ಮತ್ತು ಟೇಪಿನ ಮೇಲಿನ ಗುರುತಿನ ವ್ಯಾಸ, ಎರಡೂ ಒಂಬತ್ತು ಮಿಲಿಮೀಟರ್.